ಪಾಲಿಕೆಯಲ್ಲಿ ಬಹುಮತ ಇಲ್ಲದಿದ್ದರೆ ಊರಿನ ಸಾಲ ಏಕೆ ಬೆಳೆಯುತ್ತದೆ?

2019ರ ನವೆಂಬರ್‌ನಲ್ಲಿ ದಾವಣಗೆರೆ ಮಹಾನಗರ ಪಾಲಿಕೆಗೆ ಚುನಾವಣೆ ನಡೆಯಿತು. 45 ವಾರ್ಡ್‌ಗಳಲ್ಲಿ ಕಾಂಗ್ರೆಸ್ 22 ಗೆದ್ದಿತು. ಬಿಜೆಪಿ 17, ಜೆಡಿಎಸ್ 1, ಪಕ್ಷೇತರರು 5. ಅರ್ಧ ದಾಟಲು 23 ಬೇಕು. ಒಂದೇ ಒಂದು ಸೀಟು ಕಮ್ಮಿ ಬಿತ್ತು. 2020ರ ಫೆಬ್ರುವರಿಯಲ್ಲಿ ಮೇಯರ್ ಆಯ್ಕೆ ನಡೆದಾಗ ಪಟ್ಟ ಹೋಗಿದ್ದು 17 ಸೀಟಿನ ಬಿಜೆಪಿಗೆ. ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಗೂ ಪಾಲಿಕೆಯಲ್ಲಿ ಮತ ಇರುತ್ತದೆ. ಹಾಗಾಗಿ ಲೆಕ್ಕ ತಿರುಗಿತು. ಅದೇ ಪಾಲಿಕೆಯ ಅವಧಿಯ ಕೊನೆಯ ದಿನಗಳಲ್ಲಿ ಮೇಯರ್ ಕುರ್ಚಿಯಲ್ಲಿ ಕಾಂಗ್ರೆಸ್‌ನವರಿದ್ದರು.

ಆಗ ಜಯದೇವ ವೃತ್ತದ ಸುತ್ತಮುತ್ತ ಎಲ್ಲಿ ಚಹಾ ಕುಡಿಯಲು ನಿಂತರೂ ಇದೇ ಮಾತು. ಯಾರು ಯಾರ ಕಡೆ ಹೋದರು, ಯಾವ ಪಕ್ಷೇತರರು ಯಾರ ಕೈ ಹಿಡಿದರು, ಪರಿಷತ್ ಸದಸ್ಯರ ಹೆಸರು ಮತದಾರರ ಪಟ್ಟಿಗೆ ಸೇರಿದ್ದು ಸರಿಯೋ ತಪ್ಪೋ. ಇದೆಲ್ಲ ಮುಖ್ಯವೇ. ಆದರೆ ಹೀಗೆ ಹಂಚಿಹೋದ ಸಭೆ ಊರಿನ ದುಡ್ಡಿಗೆ ಏನು ಮಾಡುತ್ತದೆ ಅಂತ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ನನ್ನ ಮಟ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ ಆಗಿತ್ತು.

ಸಾಲ ಅಂದ ಕೂಡಲೇ ನಮಗೆ ಬ್ಯಾಂಕು ನೆನಪಾಗುತ್ತದೆ. ಆ ಅರ್ಥದಲ್ಲಿ ನೋಡಿದರೆ ನಮ್ಮ ನಗರಗಳ ಸಾಲ ದೊಡ್ಡದೇನಲ್ಲ. ರಿಸರ್ವ್ ಬ್ಯಾಂಕ್ ದೇಶದ ಮಹಾನಗರ ಪಾಲಿಕೆಗಳ ಹಣಕಾಸಿನ ಬಗ್ಗೆ 2024ರಲ್ಲಿ ಒಂದು ವರದಿ ಕೊಟ್ಟಿದೆ. ಅದರ ಪ್ರಕಾರ 2019-20ರಲ್ಲಿ ಪಾಲಿಕೆಗಳು ಎತ್ತಿದ ಸಾಲ ಸುಮಾರು 2,886 ಕೋಟಿ ರೂಪಾಯಿ. 2023-24ರ ಬಜೆಟ್ ಅಂದಾಜಿನಲ್ಲಿ ಅದು 13,364 ಕೋಟಿಗೆ ಏರಿದೆ. ಏರಿಕೆ ಜೋರಾಗಿ ಕಾಣುತ್ತದೆ, ಆದರೂ ಒಟ್ಟು ಜಮೆಯಲ್ಲಿ ಇದು ಶೇಕಡ 5ರಷ್ಟು ಮಾತ್ರ. ಕಾರಣ ಕಾನೂನಿನಲ್ಲೇ ಇದೆ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಂತೆ ಪಾಲಿಕೆ ಸಾಲ ಎತ್ತಬೇಕಾದರೆ ರಾಜ್ಯ ಸರ್ಕಾರದ ಒಪ್ಪಿಗೆ ಬೇಕೇ ಬೇಕು. ದೇಶದಲ್ಲಿ ಮೊದಲ ಸಲ ಬಾಂಡ್ ಹೊರಡಿಸಿ ಸಾಲ ಎತ್ತಿದ್ದು ನಮ್ಮದೇ ಬೆಂಗಳೂರು ಮಹಾನಗರ ಪಾಲಿಕೆ, 1997ರಲ್ಲಿ, 125 ಕೋಟಿ. ಅದಕ್ಕೂ ರಾಜ್ಯ ಸರ್ಕಾರದ ಖಾತರಿ ಇತ್ತು. ದಾವಣಗೆರೆಯಂಥ ಊರು ತನ್ನ ಹೆಸರಿನ ಮೇಲೆ ಮಾರುಕಟ್ಟೆಗೆ ಹೋಗಿ ಸಾಲ ತರುವ ಕಾಲ ಇನ್ನೂ ದೂರ ಇದೆ.

ಹಾಗಾದರೆ ಸಾಲವೇ ಇಲ್ವಾ? ಇದೆ. ಅದಕ್ಕೆ ನಾವು ಬೇರೆ ಹೆಸರು ಇಟ್ಟಿದ್ದೇವೆ. ಬಾಕಿ ಅಂತೀವಿ.

ಬೀದಿದೀಪಕ್ಕೆ, ನೀರೆತ್ತುವ ಪಂಪಿಗೆ ಉರಿದ ಕರೆಂಟಿನ ಬಾಕಿ. ಕೆಲಸ ಮುಗಿಸಿದ ಗುತ್ತಿಗೆದಾರರ ಬಿಲ್ ಬಾಕಿ. ನಿವೃತ್ತರಾದವರಿಗೆ ಕೊಡಬೇಕಾದ ಬಾಕಿ. ಇಷ್ಟಲ್ಲದೆ ಯಾವ ಲೆಕ್ಕದಲ್ಲೂ ಬರೆಯದ ಇನ್ನೊಂದು ಬಾಕಿ ಇದೆ. ಹತ್ತು ವರ್ಷದ ಹಿಂದೆ ಬದಲಿಸಬೇಕಿದ್ದ ಪೈಪು, ಹೂಳು ತೆಗೆಯದ ರಾಜಕಾಲುವೆ, ಡಾಂಬರು ಕಾಣದ ರಸ್ತೆ. ಈ ವರ್ಷ ಮಾಡದ ರಿಪೇರಿಗೆ ಮುಂದೆ ಮೂರು ಪಟ್ಟು ಖರ್ಚು ಬಂದರೆ ಅದೂ ಸಾಲವೇ, ಬಡ್ಡಿ ಸಮೇತ. ಬ್ಯಾಂಕಿನ ಸಾಲಕ್ಕೆ ಸರ್ಕಾರದ ಒಪ್ಪಿಗೆ ಬೇಕು. ಬಾಕಿ ಉಳಿಸಿಕೊಳ್ಳಲು ಯಾರ ಒಪ್ಪಿಗೆಯೂ ಬೇಡ, ಸುಮ್ನೆ ಕೂತರೆ ಸಾಕು. ಬಹುಮತ ಇಲ್ಲದ ಸಭೆಗೆ ಎಲ್ಲಕ್ಕಿಂತ ಸುಲಭವಾದ ಕೆಲಸ ಕೂಡ ಅದೇ.

ನನಗೆ ಪರಿಚಯದ ಒಬ್ಬ ಸಣ್ಣ ಗುತ್ತಿಗೆದಾರರಿದ್ದಾರೆ. ಹತ್ತಿರದ ಒಂದು ಊರಿನಲ್ಲಿ ಚರಂಡಿ ಕೆಲಸ ಹಿಡಿದಿದ್ದರು. ಕೆಲಸ ಮುಗಿಯಿತು, ಇಂಜಿನಿಯರ್ ಬಂದು ಅಳತೆ ಹಿಡಿದರು, ಅಳತೆ ಪುಸ್ತಕವಾದ ಎಂ.ಬಿ.ಯೂ ಬರೆದಾಯಿತು. ಅಷ್ಟರಲ್ಲಿ ಅಧ್ಯಕ್ಷರು ಬದಲಾದರು. ಹೊಸಬರಿಗೆ ಹಳಬರು ಮಾಡಿಸಿದ ಕೆಲಸದ ಬಿಲ್ ಪಾಸ್ ಮಾಡಿಸುವ ಅವಸರ ಇರಲಿಲ್ಲ. ಅವರ ಗುಂಪಿನ ಸದಸ್ಯರ ವಾರ್ಡಿನ ಕೆಲಸಗಳು ಮುಂದೆ ಬಂದವು. ‘ದುಡ್ಡು ಬರುತ್ತೆ ಅಣ್ಣಾ, ಯಾವಾಗ ಅಂತ ಮಾತ್ರ ಗೊತ್ತಿಲ್ಲ’ ಅಂತ ಅವರು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಸಿಮೆಂಟು, ಕಬ್ಬಿಣ, ಜಲ್ಲಿ ಎಲ್ಲ ಉದ್ರಿ ತಂದಿದ್ದರು. ಮನೆಯವರ ಒಡವೆ ಅಡ ಇಟ್ಟು ಅಂಗಡಿಯವರಿಗೆ ಕೊಟ್ಟರು. ಅಂದರೆ ಊರು ಮಾಡಬೇಕಾದ ಸಾಲವನ್ನು ಒಬ್ಬ ಮನುಷ್ಯ ತನ್ನ ಮನೆಯ ಮೇಲೆ ಮಾಡಿದ.

ಇದರ ಪೆಟ್ಟು ಅವರ ಮನೆಗೇ ನಿಲ್ಲುವುದಿಲ್ಲ. ಬಿಲ್ ಎರಡು ವರ್ಷ ತಡ ಆಗುತ್ತದೆ ಅಂತ ಗೊತ್ತಿರುವವರು ಮುಂದಿನ ಟೆಂಡರಿನಲ್ಲಿ ಆ ಎರಡು ವರ್ಷದ ಬಡ್ಡಿಯನ್ನೂ ಸೇರಿಸಿಯೇ ದರ ಹಾಕುತ್ತಾರೆ. ಇಲ್ಲ ಅಂದರೆ ಸಿಮೆಂಟು ಕಮ್ಮಿ ಹಾಕುತ್ತಾರೆ. ಕೈಯಲ್ಲಿ ಕಾಸಿಲ್ಲದ ಒಳ್ಳೆಯ ಕೆಲಸಗಾರರು ಟೆಂಡರ್ ಕಡೆ ತಲೆಯನ್ನೇ ಹಾಕುವುದಿಲ್ಲ. ಕಾಯುವ ತಾಕತ್ತು ಇರುವ ನಾಲ್ಕು ಜನ ಮಾತ್ರ ಉಳಿಯುತ್ತಾರೆ. ಹೇಗೆ ನೋಡಿದರೂ ಬಡ್ಡಿ ಕಟ್ಟುವುದು ಊರೇ. ರಶೀದಿಯಲ್ಲಿ ಮಾತ್ರ ಬಡ್ಡಿ ಅಂತ ಬರೆದಿರುವುದಿಲ್ಲ, ಅಷ್ಟೇ.

ಈಗ ಮೂಲಕ್ಕೆ ಬರೋಣ. ಸಭೆ ಹಂಚಿಹೋದರೆ ಬಾಕಿ ಏಕೆ ಬೆಳೆಯಬೇಕು?

ದಾವಣಗೆರೆಯವರಿಗೆ ದುರ್ಗಾಂಬಿಕೆ ಜಾತ್ರೆಯ ಉದಾಹರಣೆ ಸಾಕು. ಎರಡು ವರ್ಷಕ್ಕೊಮ್ಮೆ ಜಾತ್ರೆ. ಊರೆಲ್ಲ ಒಟ್ಟು ವಂತಿಗೆ ಹಾಕಿ ದೀಪದ ಅಲಂಕಾರ ಮಾಡಿಸುತ್ತದೆ ಅಂದುಕೊಳ್ಳಿ. ಯಾವ ಬೀದಿಗೆ ಎಷ್ಟು ಅಂತ ಹೇಳುವ ಒಬ್ಬ ಯಜಮಾನ ಇದ್ದರೆ ಸರಿ. ಇಲ್ಲದಿದ್ದರೆ ಪ್ರತಿ ಬೀದಿಯವರೂ ತಮ್ಮ ಬೀದಿಗೆ ಜಾಸ್ತಿ ದೀಪ ಕೇಳುತ್ತಾರೆ. ಬೆಳಕು ಅವರ ಬೀದಿಗೆ, ಖರ್ಚು ಊರಿಗೆ. ಯಾರೂ ಕೆಟ್ಟವರಲ್ಲ. ಆದರೂ ಕೊನೆಗೆ ದೀಪದವನ ಬಿಲ್ ವಂತಿಗೆಯನ್ನು ಮೀರುತ್ತದೆ.

ವಾರ್ಡಿನ ಲೆಕ್ಕವೂ ಹೀಗೇ. ಒಂದು ವಾರ್ಡಿಗೆ 9 ಲಕ್ಷ ರೂಪಾಯಿಯ ಚರಂಡಿ ಬಂತು ಅಂದುಕೊಳ್ಳಿ. ಅನುಕೂಲ ಪೂರ್ತಿ ಆ ವಾರ್ಡಿಗೆ. ಖರ್ಚು 45 ವಾರ್ಡಿಗೆ ಹಂಚಿದರೆ ಆ ವಾರ್ಡಿನ ಪಾಲು 20 ಸಾವಿರ. ಹಾಗಿದ್ದಾಗ ಯಾವ ಕಾರ್ಪೊರೇಟರ್ ಬೇಡ ಅನ್ನುತ್ತಾರೆ? ಬೇಡ ಅಂದರೆ ಅವರ ವಾರ್ಡಿನವರು ಬಿಡುತ್ತಾರಾ? ಅಮೆರಿಕದ ವೈಂಗಾಸ್ಟ್, ಶೆಪ್ಸಲ್, ಜಾನ್ಸೆನ್ ಎಂಬ ಮೂವರು ವಿದ್ವಾಂಸರು 1981ರಲ್ಲಿ ಇದನ್ನೇ ಲೆಕ್ಕದ ರೂಪದಲ್ಲಿ ಬರೆದರು. ಸಭೆಯಲ್ಲಿ ಪಾಲು ಕೇಳುವವರು ಹೆಚ್ಚಿದಷ್ಟೂ ಒಬ್ಬೊಬ್ಬರಿಗೆ ಖರ್ಚು ಅಗ್ಗವಾಗಿ ಕಾಣುತ್ತದೆ ಅನ್ನುವುದು ಅದರ ಸಾರ.

ಪಕ್ಷಕ್ಕೆ ಗಟ್ಟಿ ಬಹುಮತ ಇದ್ದಾಗ ‘ಈ ವರ್ಷ ನಿನ್ನ ವಾರ್ಡಿಗೆ ಇಲ್ಲ, ಮುಂದಿನ ವರ್ಷ ನೋಡೋಣ’ ಅಂತ ಹೇಳುವವರು ಒಬ್ಬರಿರುತ್ತಾರೆ. ಒಂದು ಸೀಟಿನ ಮೇಲೆ ಕುರ್ಚಿ ನಿಂತಾಗ ಆ ಮಾತು ಯಾರ ಬಾಯಿಂದಲೂ ಬರುವುದಿಲ್ಲ. ಐದು ಜನ ಪಕ್ಷೇತರರಲ್ಲಿ ಪ್ರತಿಯೊಬ್ಬರ ಕೈ ಬೇಕು. ಸ್ಥಳೀಯ ಸಂಸ್ಥೆಗಳಿಗೂ 1987ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಇದೆ ನಿಜ. ಆದರೆ ಪಕ್ಷದ ಚಿಹ್ನೆಯ ಮೇಲೆ ಗೆಲ್ಲದವರನ್ನು ವಿಪ್ ಕೊಟ್ಟು ಹಿಡಿಯಲು ಆಗುವುದಿಲ್ಲ. ಅವರನ್ನು ಹಿಡಿದಿಡಲು ಉಳಿಯುವುದು ವಾರ್ಡಿನ ಕಾಮಗಾರಿ ಒಂದೇ. ಆಗ ಬಜೆಟ್‌ನಲ್ಲಿ ಬರುವ ಆದಾಯವನ್ನು ಹಿಗ್ಗಿಸಿ ಬರೆಯುವ ಆಸೆ ಹುಟ್ಟುತ್ತದೆ. ಎಲ್ಲರ ಕಾಮಗಾರಿಗೂ ಹೆಸರು ಸಿಗುತ್ತದೆ, ಟೆಂಡರೂ ಆಗುತ್ತದೆ. ಆದಾಯ ಬರೆದಷ್ಟು ಬರುವುದಿಲ್ಲ. ನಡುವಿನ ಅಂತರ ಬಾಕಿ ಬಿಲ್ಲುಗಳ ಕಟ್ಟಾಗಿ ಅಕೌಂಟ್ಸ್ ವಿಭಾಗದ ಮೇಜಿನ ಮೇಲೆ ಕೂರುತ್ತದೆ.

ಇದು ಖರ್ಚಿನ ಕಡೆಯ ಕತೆ. ಆದಾಯದ ಕಡೆ ಇನ್ನೊಂದು ಹಗ್ಗಜಗ್ಗಾಟ ಇದೆ. ಮನೆ ಕಂದಾಯ ಏರಿಸಬೇಕು, ನೀರಿನ ದರ ಪರಿಷ್ಕರಿಸಬೇಕು ಅಂತ ಒಳಗೊಳಗೆ ಎಲ್ಲ ಪಕ್ಷದವರಿಗೂ ಗೊತ್ತು. ಆದರೆ ನಮ್ಮ ಕಾಲದಲ್ಲಿ ಬೇಡ, ಅವರ ಕಾಲದಲ್ಲಿ ಆಗಲಿ ಅಂತ ಎರಡೂ ಕಡೆಯವರು ಕಾಯುತ್ತಾರೆ. ಅಲೆಸಿನಾ ಮತ್ತು ಡ್ರಾಜೆನ್ ಎಂಬ ಅರ್ಥಶಾಸ್ತ್ರಜ್ಞರು 1991ರಲ್ಲಿ ಇದನ್ನು ಯಾರು ಮೊದಲು ಸೋಲುತ್ತಾರೆ ಅಂತ ಕಾಯುವ ಯುದ್ಧಕ್ಕೆ ಹೋಲಿಸಿದ್ದರು. ಕಾದಷ್ಟು ದಿನ ಸಾಲ ಬೆಳೆಯುತ್ತಲೇ ಇರುತ್ತದೆ.

ನಮ್ಮಲ್ಲಿ ಈ ಕಾಯುವ ಆಟಕ್ಕೆ ಕಾನೂನೇ ಅನುಕೂಲ ಮಾಡಿಕೊಟ್ಟಿದೆ. ಮೇಯರ್ ಅವಧಿ ಒಂದೇ ವರ್ಷ, ಅದೂ ಮೀಸಲಾತಿ ಸರದಿಯ ಮೇಲೆ. ಒಬ್ಬ ಮೇಯರಿಗೆ ಸಿಗುವುದು ಒಂದು ಬಜೆಟ್. ಅಷ್ಟರಲ್ಲಿ ಕಂದಾಯ ಏರಿಸಿ ಬೈಸಿಕೊಂಡರೆ ಅದರ ಫಲ ನೋಡುವವರು ಮುಂದಿನವರು. ಮೇಯರುಗಳನ್ನು ನಾನು ದೂರುತ್ತಿಲ್ಲ. ಆ ಜಾಗದಲ್ಲಿ ಯಾರಿದ್ದರೂ ಮುಂದೂಡುತ್ತಿದ್ದರು. ಬಹುಶಃ ಇದಕ್ಕೇ ದರದ ತೀರ್ಮಾನಗಳು ಮೆಲ್ಲಗೆ ಮೇಲಿನವರ ಕೈಗೆ ಹೋಗುತ್ತಿವೆ. 15ನೇ ಹಣಕಾಸು ಆಯೋಗ ನಗರಗಳಿಗೆ ಅನುದಾನ ಬೇಕಾದರೆ ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತು ಮಾಡಿ, ವಸೂಲಿಯನ್ನು ರಾಜ್ಯದ ಆರ್ಥಿಕ ಬೆಳವಣಿಗೆಗೆ ತಕ್ಕಂತೆ ಏರಿಸಿ ಅಂತ ಷರತ್ತು ಹಾಕಿತು. ನಮ್ಮ ರಾಜ್ಯದಲ್ಲೂ ಕಂದಾಯವನ್ನು ಜಾಗದ ಮಾರ್ಗಸೂಚಿ ದರಕ್ಕೆ ಜೋಡಿಸಿ, ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರುವಂತೆ ಮಾಡಿದರು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇಕಡ 5 ರಿಯಾಯಿತಿ, ಜುಲೈನಿಂದ ತಿಂಗಳಿಗೆ ಶೇಕಡ 2 ದಂಡ. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ನಾನು ಕೇಳುವುದು ಇಷ್ಟೇ. ನಾವು ತಡ ಮಾಡಿದರೆ ತಿಂಗಳಿಗೆ ಶೇಕಡ 2 ಕಟ್ಟುತ್ತೇವೆ. ಗುತ್ತಿಗೆದಾರರ ಬಿಲ್ ತಡವಾದರೆ ಆ ಲೆಕ್ಕ ಏಕೆ ಇಲ್ಲ?

ಹಾಗಂತ ಬಹುಮತ ಇಲ್ಲದ ಸಭೆ ಅಂದರೆ ಸಾಲ, ಒಂದೇ ಪಕ್ಷ ಬಂದರೆ ಉಳಿತಾಯ ಅಂತ ಕಣ್ಣು ಮುಚ್ಚಿ ಹೇಳುವಂತಿಲ್ಲ. ಹೊರದೇಶಗಳಲ್ಲಿ ಇದರ ಮೇಲೆ ಬಹಳ ಅಧ್ಯಯನ ಆಗಿದೆ, ಉತ್ತರ ಒಂದೇ ಥರ ಬಂದಿಲ್ಲ. 1989ರಲ್ಲಿ ರುಬಿನಿ ಮತ್ತು ಸ್ಯಾಕ್ಸ್ ಮುಂದುವರಿದ ದೇಶಗಳನ್ನು ನೋಡಿ, ಹಲವು ಪಕ್ಷಗಳ ಅಲ್ಪಾಯುಷ್ಯದ ಸರ್ಕಾರಗಳಲ್ಲಿ ಕೊರತೆ ಜಾಸ್ತಿ ಅಂದರು. ಸ್ಪೇನಿನ ಪುರಸಭೆಗಳ ಮೇಲೆ ನಡೆದ 2018ರ ಅಧ್ಯಯನವೂ ಒಂದೇ ಪಕ್ಷದ ಬಹುಮತ ಇದ್ದಲ್ಲಿ ಕೊರತೆ ಕಮ್ಮಿ ಅಂತ ಕಂಡಿತು. ಆದರೆ ಬೆಲ್ಜಿಯಂನ ಫ್ಲಾಂಡರ್ಸ್ ಭಾಗದ ಪುರಸಭೆಗಳನ್ನು ನೋಡಿದವರಿಗೆ ಬೇರೆಯೇ ಚಿತ್ರ ಸಿಕ್ಕಿತು. ಆಡಳಿತದಲ್ಲಿ ಪಕ್ಷಗಳು ಹೆಚ್ಚಿದಾಗ ಸಾಲ ಏರಿದ್ದು ಕೆಲವು ಕಾಲ ಮಾತ್ರ, ದೀರ್ಘ ಕಾಲದಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ. ಸ್ವೀಡನ್, ಫಿನ್ಲೆಂಡ್‌ಗಳ ಒಂದು ಅಧ್ಯಯನದಲ್ಲಂತೂ ಸದಸ್ಯರ ಸಂಖ್ಯೆ ಹೆಚ್ಚಿದ್ದ ಸಭೆಗಳೇ ಕಮ್ಮಿ ಖರ್ಚು ಮಾಡಿದ್ದವು. ಅಧಿಕಾರಿಗಳನ್ನು ಪ್ರಶ್ನೆ ಮಾಡುವ ಬಾಯಿಗಳು ಜಾಸ್ತಿ ಇದ್ದದ್ದು ಅದಕ್ಕೆ ಒಂದು ಕಾರಣ ಇರಬಹುದು.

ನನಗೆ ಎಲ್ಲಕ್ಕಿಂತ ಉಪಯೋಗದ್ದು ಅನ್ನಿಸಿದ್ದು ಅಮೆರಿಕದ ನಗರಗಳ ಮೇಲೆ 2002ರಲ್ಲಿ ಬಂದ ಅಧ್ಯಯನ. ಬರೆದವರು ರೆಜಾ ಬಾಕಿರ್. ಮುಂದೆ ಪಾಕಿಸ್ತಾನದ ಸ್ಟೇಟ್ ಬ್ಯಾಂಕಿನ ಗವರ್ನರ್ ಆದವರು. ಕೌನ್ಸಿಲ್ ದೊಡ್ಡದಾದಷ್ಟೂ ತಲಾ ಖರ್ಚು ಹೆಚ್ಚು ಅಂತ ಅವರು ತೋರಿಸಿದರು. ಆದರೆ ಬೇಡ ಅನ್ನುವ ಅಧಿಕಾರ ಗಟ್ಟಿಯಾಗಿ ಒಬ್ಬ ಮೇಯರ್ ಕೈಯಲ್ಲಿದ್ದ ನಗರಗಳಲ್ಲಿ ಆ ಸಂಬಂಧ ಸಡಿಲವಾಗಿತ್ತು. ಎಷ್ಟು ಪಕ್ಷ ಅನ್ನುವುದಕ್ಕಿಂತ, ಒಟ್ಟು ಲೆಕ್ಕಕ್ಕೆ ಜವಾಬ್ದಾರಿ ಯಾರದು ಅನ್ನುವುದೇ ಮುಖ್ಯ ಅಂತ ನನಗೆ ಇದರಿಂದ ಕಾಣುತ್ತದೆ. ನಮ್ಮಲ್ಲಿ ಆ ಜಾಗವೇ ಖಾಲಿ. ಮೇಯರಿಗೆ ಗೌರವ ಇದೆ, ಸಹಿ ಆಯುಕ್ತರದು. ಆಯುಕ್ತರನ್ನು ಕಳಿಸುವುದು, ವರ್ಗ ಮಾಡುವುದು ಬೆಂಗಳೂರು.

ಚಿತ್ರದುರ್ಗದ ಕಡೆ ನೋಡಿದರೆ ಇದರ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿನ ನಗರಸಭೆಯಲ್ಲಿ 35 ವಾರ್ಡ್. 2018ರ ಆಗಸ್ಟ್ ಕೊನೆಗೆ ರಾಜ್ಯದ ಬಹಳಷ್ಟು ನಗರಸಭೆ, ಪುರಸಭೆಗಳ ಜೊತೆ ಅದಕ್ಕೂ ಚುನಾವಣೆ ನಡೆಯಿತು. ಸದಸ್ಯರು ಗೆದ್ದರು, ಹಾರ ಹಾಕಿಸಿಕೊಂಡರು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. 2020ರ ಕೊನೆಯವರೆಗೆ, ಅಂದರೆ ಎರಡು ವರ್ಷ, ಗೆದ್ದವರಿಗೆ ಸಭೆಯೇ ಇಲ್ಲ. ಮೊದಲ 30 ತಿಂಗಳ ಅವಧಿ 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದಿದ್ದು 2024ರ ಆಗಸ್ಟ್‌ನಲ್ಲಿ. ಮತ್ತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕುರ್ಚಿ ಖಾಲಿ.

ಹೀಗೆ ಖಾಲಿ ಇದ್ದಾಗ ಆಡಳಿತಾಧಿಕಾರಿ ಇರುತ್ತಾರೆ. ಕಚ್ಚಾಟ ಇಲ್ಲ, ಕೆಲಸ ಸಲೀಸು ಅಂತ ಕೆಲವರು ಹೇಳುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಜಿಲ್ಲೆಯ ನೂರೆಂಟು ಕೆಲಸದ ನಡುವೆ ನಗರಸಭೆಯ ಜವಾಬ್ದಾರಿಯೂ ಹೊತ್ತ ಅಧಿಕಾರಿ ದಿನದ ಕಡತ ನೋಡಬಹುದು. ಇಪ್ಪತ್ತು ವರ್ಷ ತೀರಿಸಬೇಕಾದ ಹೊರೆಯ ಬಗ್ಗೆ ಊರಿನ ಪರವಾಗಿ ಹೂಂ ಅನ್ನುವ ಹಕ್ಕು ಅವರಿಗೆ ಎಲ್ಲಿಂದ ಬಂತು? ಬಿಲ್ ಬಾಕಿ ಯಾಕೆ ಅಂತ ಅವರನ್ನು ವಾರ್ಡಿನವರು ಬೀದಿಯಲ್ಲಿ ನಿಲ್ಲಿಸಿ ಕೇಳಲು ಆಗುತ್ತದಾ? ದಾವಣಗೆರೆ ಪಾಲಿಕೆಯ ಅವಧಿಯೂ 2025ರ ಆರಂಭದಲ್ಲಿ ಮುಗಿದು ಆಡಳಿತಾಧಿಕಾರಿ ಕೈಗೆ ಹೋಯಿತು. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿತ್ತು. ಸಭೆ ಹಂಚಿಹೋದರೆ ಬಾಕಿ ಬೆಳೆಯುತ್ತದೆ ಅಂತ ಇಷ್ಟು ಹೊತ್ತು ಬರೆದವನು ನಾನೇ. ಆದರೂ ಸಭೆಯೇ ಇಲ್ಲದಿರುವುದು ಅದಕ್ಕಿಂತ ಕೆಟ್ಟದ್ದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಪಕ್ಷಗಳ ನಡುವೆ ಅಧಿಕಾರ ಹಂಚಿಹೋಗುವುದು ನಮ್ಮ ಕಣ್ಣಿಗೆ ಬೀಳುತ್ತದೆ. ಇಲಾಖೆಗಳ ನಡುವೆ ಹಂಚಿಹೋಗಿರುವುದು ಬೀಳುವುದಿಲ್ಲ. ದಾವಣಗೆರೆಯನ್ನೇ ನೋಡಿ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವುದು ದೂಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರ. ಆಮೇಲೆ ಅದರ ಚರಂಡಿ, ದೀಪ, ಕಸ ನೋಡಿಕೊಳ್ಳಬೇಕಾದವರು ಪಾಲಿಕೆ. ಕರೆಂಟು ಬೆಸ್ಕಾಂನದು. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ರಾಜ್ಯದಿಂದ ಬೆಳಗಾವಿಯ ಜೊತೆ ದಾವಣಗೆರೆ ಆಯ್ಕೆಯಾಯಿತು. ಖುಷಿಯ ಸಂಗತಿಯೇ. ಆದರೆ ಆ ದುಡ್ಡು ಖರ್ಚಾಗಿದ್ದು ಪ್ರತ್ಯೇಕ ಕಂಪನಿಯ ಮೂಲಕ, ತೀರ್ಮಾನ ಆ ಕಂಪನಿಯ ಮಂಡಳಿಯದು. ಯೋಜನೆಯ ಅವಧಿ 2025ರ ಮಾರ್ಚ್‌ಗೆ ಮುಗಿಯಿತು. ಕಟ್ಟಿದ್ದೆಲ್ಲ ಉಳಿಯಿತು. ಅದರ ದುರಸ್ತಿ, ಕಾವಲು, ಕರೆಂಟು ಇನ್ನು ಮುಂದೆ ಯಾರ ಬಜೆಟ್ಟಿಗೆ ಬರುತ್ತದೆ? ಪಾಲಿಕೆಯ ಬಜೆಟ್ಟಿಗೇ. ಕಟ್ಟುವಾಗ ಪೂರ್ತಿ ಮಾತಾಡಲು ಅವಕಾಶ ಸಿಗದ ಸಭೆ, ನಡೆಸುವಾಗ ಖರ್ಚು ಹೊರಬೇಕು.

ಜಲಸಿರಿಯಲ್ಲೂ ಹೀಗೇ ಒಂದು ಗಂಟು ಇದೆ. ದಿನದ 24 ಗಂಟೆ ನೀರು ಕೊಡುವ ಯೋಜನೆ, ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ನೆರವಿನದು. ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿ ಊರುಗಳು ಅದರಲ್ಲಿವೆ. ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ನೀರೆತ್ತಬೇಕು. ಎತ್ತಿದ ಒಂದೊಂದು ಲೀಟರಿಗೂ ಕರೆಂಟಿನ ಖರ್ಚಿದೆ. ಮೀಟರ್ ಹಾಕಿ ಬಳಸಿದಷ್ಟಕ್ಕೆ ದರ ಅಂತ ಒಪ್ಪಿಸುವುದು ಇಂಜಿನಿಯರುಗಳ ಕೈಲಾಗುವ ಕೆಲಸ ಅಲ್ಲ, ಅದು ರಾಜಕೀಯದ ಕೆಲಸ. ಬಡವರ ಮನೆಗೆ ಇಷ್ಟು ನೀರು ಅಗ್ಗ, ಅದರ ಮೇಲೆ ಇಷ್ಟು, ಅಂಗಡಿ ಹೋಟೆಲ್‌ಗೆ ಇಷ್ಟು ಅಂತ ಎಲ್ಲರನ್ನೂ ಕೂರಿಸಿ ತೀರ್ಮಾನ ಮಾಡುವವರು ಬೇಕು. ಒಂದು ಸೀಟಿನ ಮೇಲೆ ತೂಗುವ ಸಭೆ ಅದನ್ನು ಮುಂದೂಡುತ್ತದೆ. ಆಗ ನೀರಿನ ಖರ್ಚು ಕರೆಂಟ್ ಬಾಕಿಯಾಗಿ ಬೆಸ್ಕಾಂ ಲೆಕ್ಕಕ್ಕೆ ಹೋಗುತ್ತದೆ. ಸರ್ಕಾರ ಕೊಡುವ ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಅನುದಾನದಲ್ಲಿ ಕರೆಂಟಿಗೆ ಅಂತಲೇ ಒಂದು ಭಾಗ ತೆಗೆದಿಡುತ್ತಾರೆ. ಬಾಕಿ ಬೆಳೆದಷ್ಟೂ ಊರಿನ ಬೇರೆ ಕೆಲಸಕ್ಕೆ ಉಳಿಯುವ ದುಡ್ಡು ಕರಗುತ್ತದೆ. ಇದನ್ನು ಯಾರೂ ಸಾಲ ಅಂತ ಕರೆಯುವುದಿಲ್ಲ. ಆದರೆ ತೀರಿಸುವವರು ನಾವೇ ಅಲ್ವಾ?

ಪಾಲಿಕೆಗಳು, ನಗರಸಭೆಗಳು ಈಗ ಜೋಡಿ ನಮೂದು ಪದ್ಧತಿಯಲ್ಲಿ ಲೆಕ್ಕ ಇಡಬೇಕು, 2006ರ ನಿಯಮಗಳೇ ಹಾಗೆ ಹೇಳುತ್ತವೆ. ಅಂದರೆ ಕೊಡಬೇಕಾದ ಬಾಕಿಯನ್ನೂ ಪುಸ್ತಕದಲ್ಲಿ ತೋರಿಸಬೇಕು. ಬಜೆಟ್ ದಿನ ಪತ್ರಿಕೆಗಳಲ್ಲಿ ಬರುವುದು ಉಳಿತಾಯ ಬಜೆಟ್ ಎಷ್ಟು ಲಕ್ಷದ್ದು ಅನ್ನುವ ಒಂದು ಸಾಲು. ಆ ಉಳಿತಾಯದ ಪಕ್ಕದಲ್ಲಿ ಬಾಕಿಯ ಮೊತ್ತವನ್ನೂ ಕೇಳಿ ಬರೆಸುವುದು ವರದಿಗಾರರಿಗೆ ಕಷ್ಟದ ಕೆಲಸ ಅಲ್ಲ. ಯಾವ ಬಿಲ್ ಯಾವ ತಾರೀಖಿಗೆ ಬಂತು, ಯಾವ ಸರದಿಯಲ್ಲಿ ಪಾವತಿ ಆಯಿತು ಅಂತ ಪಟ್ಟಿ ಮಾಡಿ ಕಚೇರಿಯ ಬಾಗಿಲಿಗೆ ಅಂಟಿಸಿದರೆ ಇನ್ನೂ ಒಳ್ಳೆಯದು. ಆಗ ಮೇಯರ್ ಯಾವ ಪಕ್ಷದವರಾದರೂ ಸರದಿ ತಪ್ಪಿಸಿದ್ದು ಕಾಣುತ್ತದೆ.

ಮುಂದಿನ ಚುನಾವಣೆ ಬಂದಾಗ ನಮ್ಮ ಬೀದಿಗೂ ಕೈ ಮುಗಿದುಕೊಂಡು ಬರುತ್ತಾರೆ. ರಸ್ತೆ ಮಾಡಿಸುತ್ತೇವೆ, ಚರಂಡಿ ಮಾಡಿಸುತ್ತೇವೆ ಅನ್ನುತ್ತಾರೆ. ಹೋದ ಸಲ ಮಾಡಿದ ಚರಂಡಿಯ ದುಡ್ಡು ಗುತ್ತಿಗೆದಾರರಿಗೆ ಕೊಟ್ಟಾಯಿತಾ ಅಂತ ನಾನು ಈ ಸಲ ಕೇಳುತ್ತೇನೆ.